ಕಾಮಿಕ್ಸ್, ಲಾವಣಿ, ಹಲಗಲಿ: ಜನ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದಲ್ಲಿದ್ದುಕೊಂಡು ಕನ್ನಡದಲ್ಲಿ ಕಾಮಿಕ್ಸ್ ಬರೆಯುತ್ತೇನೆ. ಪುಸ್ತಕ ಮೇಳಗಳಲ್ಲಿ, ಶಾಲೆಗಳಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳಲ್ಲಿ ಎಷ್ಟೋ ಒಂದೇ ಥರ ಇರುತ್ತವೆ. ಅವಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಉದ್ದವಾಗಿವೆ. ಆ ವಿಷಯಗಳು ನನಗೆ ತುಂಬ ಬೇಕಾದವು, ಅದಕ್ಕೆ.

ಈಗ ಯಾವ ಪುಸ್ತಕದ ಕೆಲಸ ನಡೀತಾ ಇದೆ?

ಹಲಗಲಿ ಬೇಡರ ಕಥೆ. ಶಾಲೆಯಲ್ಲಿ ಅವರ ಮೇಲಿನ ಲಾವಣಿ ಓದಿದವರಿಗೆ ಹೆಸರು ಕೇಳಿದ ಕೂಡಲೇ ನೆನಪಾಗುತ್ತದೆ. ಹಲಗಲಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ, ಆಗ ಮುಧೋಳ ಸಂಸ್ಥಾನದಲ್ಲಿತ್ತು. 1857ರಲ್ಲಿ ಬ್ರಿಟಿಷರು ಜನರ ಹತ್ತಿರ ಇದ್ದ ಹತಾರಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು ಅಂತ ಕಾಯ್ದೆ ತಂದರು. ಬೇಟೆಯಾಡಿ ಬದುಕುವ ಬೇಡರಿಗೆ ಹತಾರ ಹೋದರೆ ಅನ್ನವೂ ಹೋಯಿತು, ಮಾನವೂ ಹೋಯಿತು. ಕೊಡೋದಿಲ್ಲ ಅಂದರು. ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಅಂತ ಹೆಸರು ಬರುತ್ತವಲ್ಲ, ಅವರೇ ಮುಂದೆ ನಿಂತವರು. ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಸೆರೆಸಿಕ್ಕವರಲ್ಲಿ ಕೆಲವರನ್ನು ಮುಧೋಳದಲ್ಲಿ, ಕೆಲವರನ್ನು ಹಲಗಲಿಯಲ್ಲೇ ಗಲ್ಲಿಗೇರಿಸಿದರು.

ಪುಸ್ತಕ 128 ಪುಟ. ಎರಡೇ ಬಣ್ಣ: ಮಸಿಯ ಕಪ್ಪು ಮತ್ತು ಕಾವಿ. ಬೆಂಕಿ, ಕುಂಕುಮ, ಸೀರೆಯ ಸೆರಗು, ಇಷ್ಟಕ್ಕೆ ಮಾತ್ರ ಕಾವಿ. ಬೇರೆ ಎಲ್ಲೂ ಅದನ್ನು ಹಚ್ಚಿಲ್ಲ, ರಕ್ತಕ್ಕೂ ಹಚ್ಚಿಲ್ಲ.

ಆ ಕಥೆ ಎಲ್ಲರಿಗೂ ಗೊತ್ತಲ್ವಾ? ಹೊಸದಾಗಿ ಏನು ಹೇಳೋದಿದೆ?

ಗೊತ್ತಿರುವುದು ಹೋರಾಟದ ಕಥೆ. ನನ್ನನ್ನು ಹಿಡಿದುಕೊಂಡಿದ್ದು ಲಾವಣಿಯ ಕೊನೆಯ ಭಾಗ. ದಂಡಿನವರು ಏನೇನು ಲೂಟಿ ಮಾಡಿದರು ಅಂತ ಲಾವಣಿಕಾರ ಅಲ್ಲಿ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಅದರಲ್ಲಿ ಚಿನ್ನ, ಖಜಾನೆ ಅಂಥದ್ದರ ಮಾತಿಲ್ಲ. ಮೊಸರು, ಬೆಣ್ಣೆ, ಹಾಲು, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಅಕ್ಕಿ, ಬೆಲ್ಲ ಬರುತ್ತವೆ. ಮಂಗಳಸೂತ್ರ ಬರುತ್ತದೆ. ಬೀಸುಕಲ್ಲು ಕೂಡ ಬರುತ್ತದೆ. ಬೀಸುಕಲ್ಲನ್ನೂ ಬಿಡಲಿಲ್ಲ ಅಂದರೆ ಆ ಮನೆಯಲ್ಲಿ ಮತ್ತೆ ಯಾರೂ ರೊಟ್ಟಿ ಬಡಿಯಬಾರದು ಅನ್ನೋ ಲೆಕ್ಕ.

ಈ ಭಾಗಕ್ಕೆ ನಾನು ಹಲವು ಪುಟ ಕೊಟ್ಟಿದ್ದೇನೆ. ಒಂದು ಪ್ಯಾನೆಲ್‌ನಲ್ಲಿ (ಪುಟದ ಒಂದು ಚೌಕದಲ್ಲಿ) ಒಂದೇ ವಸ್ತು. ಉಪ್ಪಿನ ಗಡಿಗೆ. ಮಜ್ಜಿಗೆ ಕಡೆಯುವ ಕಡಗೋಲು, ಅದಕ್ಕೆ ಸುತ್ತಿದ ಹಗ್ಗ. ಜೀರಿಗೆಯ ಚಿಕ್ಕ ಡಬ್ಬಿ ಉರುಳಿ ನೆಲದ ಮೇಲೆ ಚೆಲ್ಲಿದ ಕಾಳು. ಕೊನೆಗೆ ಬೀಸುಕಲ್ಲು ಇದ್ದ ಜಾಗ: ಸಗಣಿ ಸಾರಿಸಿದ ನೆಲದ ಮೇಲೆ ಒಂದು ದುಂಡನೆಯ ಗುರುತು, ಸುತ್ತ ಒಂದಿಷ್ಟು ಜೋಳದ ಹಿಟ್ಟು. ಅಲ್ಲಿ ಸಿಪಾಯಿ ಇಲ್ಲ, ಕುದುರೆ ಇಲ್ಲ, ಯಾರ ಮುಖವೂ ಇಲ್ಲ. ಈ ಪುಟಗಳಿಗಾಗಿಯೇ ನಾನು ಇಡೀ ಪುಸ್ತಕ ಮಾಡುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಪುಸ್ತಕದಲ್ಲಿ ಕಥೆ ಹೇಳುವ ಅಜ್ಜಿಗೆ ಯಾಕೆ ಹೆಸರಿಟ್ಟಿಲ್ಲ?

ಹಾಡಿನಲ್ಲಿ ಮುಂದಾಳುಗಳ ಹೆಸರು ಉಳಿದವು. ಆ ಬೀಸುಕಲ್ಲು ತಿರುವಿದ ಕೈಗಳ ಹೆಸರು ಉಳಿಯಲಿಲ್ಲ. ನಾನು ಒಂದು ಹೆಸರು ಕಟ್ಟಿ ಇಟ್ಟುಬಿಟ್ಟರೆ ಅದೇ ನಿಜವಾದ ಹೆಸರು ಅಂತ ನಾಳೆ ಯಾರೋ ಒಬ್ಬ ಹುಡುಗ ಪರೀಕ್ಷೆಯಲ್ಲಿ ಬರೆಯುತ್ತಾನೆ. ಅದು ಬೇಡ. ಪುಸ್ತಕದಲ್ಲಿ ಎಲ್ಲರೂ ಅವಳನ್ನು 'ಯಮ್ಮಾ' ಅಂತಲೇ ಕರೆಯುತ್ತಾರೆ.

ಆ ಕಾಲದ ಮನೆ, ಬಟ್ಟೆ, ಸಾಮಾನು ಹೇಗಿದ್ದವು ಅಂತ ಹೇಗೆ ಗೊತ್ತಾಗುತ್ತದೆ?

ನಮ್ಮ ಪುಣ್ಯ, ಈ ಕಡೆ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಗಳು ಇನ್ನೂ ಇವೆ. ದಪ್ಪ ಮಣ್ಣಿನ ಗೋಡೆ, ಮಟ್ಟಸವಾದ ಮಣ್ಣಿನ ಮಾಳಿಗೆ, ಮೇಲೆ ಒಂದು ಬೆಳಕಿಂಡಿ. ಮಧ್ಯಾಹ್ನ ಆ ಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ನೆಲಕ್ಕೆ ಇಳಿಯುತ್ತದೆ. ಹೊತ್ತು ಹೋದ ಹಾಗೆ ಆ ಬಿಸಿಲು ಗೋಡೆ ಹತ್ತುತ್ತದೆ. ನನ್ನ ಪುಸ್ತಕದಲ್ಲಿ ಗಡಿಯಾರ ಇಲ್ಲ. ಹೊತ್ತು ಎಷ್ಟಾಯಿತು ಅಂತ ಹೇಳುವುದು ಈ ಬಿಸಿಲೇ.

ಸೀರೆಗೆ ಇಳಕಲ್ ಇದೆ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ನೂಲನ್ನು ಕೊಂಡಿ ಹಾಕಿ ಮಗ್ಗದ ಮೇಲೇ ಜೋಡಿಸುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪುತೆನಿ, ಅಂದರೆ ಹಲ್ಲುಹಲ್ಲಾಗಿ ನೇಯ್ದ ವಿನ್ಯಾಸ. ಆ ತೋಪುತೆನಿಯ ಹಲ್ಲುಗಳನ್ನು ಸಣ್ಣ ನಿಬ್‌ನಲ್ಲಿ ಬರೆಯುವುದು ತಾಳ್ಮೆಯ ಕೆಲಸ, ಆದರೆ ಆ ಸೆರಗು ಕಂಡರೆ ಸಾಕು, ನಮ್ಮ ಕಡೆಯ ಓದುಗರಿಗೆ ಊರು ಯಾವುದು ಅಂತ ಹೇಳಬೇಕಾಗಿಲ್ಲ.

ಏನು ಬರೆಯಬೇಕು ಅನ್ನೋದಕ್ಕಿಂತ ಏನು ಬರೆಯಬಾರದು ಅನ್ನೋದನ್ನು ಜಾಸ್ತಿ ನೋಡಿಕೊಳ್ಳಬೇಕು. 1857ರ ಹಲಗಲಿಯಲ್ಲಿ ಸೀಮೆಎಣ್ಣೆಯ ಲಾಟೀನು ಬರಬಾರದು, ಪಣತಿಯೇ ಇರಬೇಕು. ಬೆಂಕಿಪೊಟ್ಟಣ ಬೇಡ, ಚಕಮಕಿ ಕಲ್ಲು ಬೇಕು. ಸ್ಟೀಲಿನ ತಂಬಿಗೆಯಂತೂ ಬರಲೇಬಾರದು. ಹಿರಿಯರೊಬ್ಬರ ಮುಂದೆ ಪುಟ ಹಿಡಿದು ಕೂತರೆ ಇವೆಲ್ಲ ಅವರಿಗೇ ಮೊದಲು ಕಾಣುತ್ತವೆ.

ಪುಸ್ತಕದಲ್ಲಿರುವ ನಾಯಿ ಮುಧೋಳ ನಾಯಿನಾ?

ಹೌದು, ಅದೇ ಜಾತಿ. ಉದ್ದನೆಯ ಮೂತಿ, ಒಳಗೆ ಸರಿದ ಹೊಟ್ಟೆ, ಸಪೂರ ಕಾಲು. ಮುಧೋಳದ ಘೋರ್ಪಡೆ ಅರಸರು ಸಾಕಿ ಬೆಳೆಸಿದ್ದರಿಂದ ಅದಕ್ಕೆ ಊರಿನ ಹೆಸರು ಬಂತು. ಬೇಡರ ಮನೆಯಲ್ಲಿ ಬೇಟೆನಾಯಿ ಇಲ್ಲದೆ ಇರುತ್ತದೆಯೇ? ಮಕ್ಕಳು ಎಲ್ಲಕ್ಕಿಂತ ಮೊದಲು ಕೇಳುವುದು 'ಅಕ್ಕಾ, ನಾಯಿ ಸಾಯ್ತದೇನು?' ಅಂತ. ಇಲ್ಲ, ನಾಯಿ ಸಾಯುವುದಿಲ್ಲ.

ನೀವು ತೋರಿಸಿದ ಮಾದರಿ ಪುಟಗಳಲ್ಲಿ ಒಂದು ತಲೆಕೆಳಗಾಗಿದೆ. ಅಚ್ಚಿನ ತಪ್ಪಾ?

ತಪ್ಪಲ್ಲ. ಆ ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ನಮ್ಮ ಊರುಗಳ ಹೊರಗೆ, ಕೆರೆ ಏರಿಯ ಮೇಲೆ, ಗುಡಿಯ ಪಕ್ಕ ವೀರಗಲ್ಲುಗಳು ನಿಂತಿರುತ್ತವೆ. ಹೋಗುತ್ತಾ ಬರುತ್ತಾ ನೋಡಿರುತ್ತೀರಿ. ಒಂದು ಸಲ ಮುಂದೆ ಕೂತು ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಕೆಳಗಿನ ಪಟ್ಟಿಯಲ್ಲಿ ಯುದ್ಧ: ದನ ಕಾಯಲು ಹೋದವನೋ, ಊರು ಕಾಯಲು ನಿಂತವನೋ ಬಿಲ್ಲು ಕತ್ತಿ ಹಿಡಿದಿದ್ದಾನೆ. ಮಧ್ಯದ ಪಟ್ಟಿಯಲ್ಲಿ ಅವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವನ ಎದುರು ಕೈಮುಗಿದು ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಮೂರು ಚಿತ್ರ, ಅವೇ ಮೂರು ಹೊತ್ತು, ಒಬ್ಬನೇ ಮನುಷ್ಯ. ಓದುವ ದಾರಿ ಕೆಳಗಿನಿಂದ ಮೇಲಕ್ಕೆ. ಕಾಮಿಕ್ಸ್ ಪುಟ ಅಂದರೆ ಇದೇ ಅಲ್ವಾ? ಸಾವಿರ ವರ್ಷದ ಹಿಂದೆ ಕಲ್ಲುಕುಟಿಗರು ಇದನ್ನು ಊರೂರಿಗೆ ಕಡೆದು ನಿಲ್ಲಿಸಿದ್ದಾರೆ.

ಗಲ್ಲಿಗೇರಿದವರಿಗೆ ಯಾರೂ ವೀರಗಲ್ಲು ಕೆತ್ತಿಸುವ ಹಾಗಿರಲಿಲ್ಲ. ಆ ಪುಟವನ್ನು ನಾನು ಮೂರು ಪಟ್ಟಿಯಲ್ಲಿ ಕಟ್ಟಿದ್ದೇನೆ, ಕೆಳಗಿನಿಂದ ಮೇಲಕ್ಕೆ. ಓದುಗರು ಒಂದು ಕ್ಷಣ ತಡವರಿಸುತ್ತಾರೆ, ಆಮೇಲೆ ಗೊತ್ತಾಗುತ್ತದೆ. ಆ ತಡವರಿಕೆ ನನಗೆ ಬೇಕಾಗಿದ್ದೇ.

ಕೆಲಸ ಮಾಡುವಾಗ ಏನು ಕೇಳುತ್ತೀರಿ?

ಯಾವ ಕೆಲಸ ಅನ್ನೋದರ ಮೇಲೆ ಹೋಗುತ್ತದೆ.

ಪೆನ್ಸಿಲ್ಲಿನಲ್ಲಿ ಪುಟ ಕಟ್ಟುವಾಗ ಏನೂ ಕೇಳುವುದಿಲ್ಲ. ಪಾತ್ರಗಳು ತಮ್ಮೊಳಗೆ ಮಾತಾಡುವ ಹೊತ್ತು ಅದು, ಮನೆ ಸುಮ್ಮನಿರಬೇಕು.

ಅಕ್ಷರ ಬರೆಯುವಾಗ ಮಾತಿರುವ ಹಾಡು ಹಾಕಿದರೆ ಕೆಲಸ ಕೆಟ್ಟಿತು. ಕಿವಿಯಲ್ಲಿ ಬಿದ್ದ ಪದ ಕೈಗೆ ಬಂದುಬಿಡುತ್ತದೆ. ಆಗ ಸಿತಾರ್. ಧಾರವಾಡಕ್ಕೆ ಸಿತಾರ್ ತಂದು ನೆಲೆ ಮಾಡಿಕೊಟ್ಟ ರಹಿಮತ್ ಖಾನರ ಮನೆತನದ ಬಾಜು (ನುಡಿಸುವ ರೀತಿ) ನಮಗೆ ಊರಿನ ಗಾಳಿಯೇ ಆಗಿದೆ. ಅವರ ಮೊಮ್ಮಗ ಬಾಲೇಖಾನರ ಸಿತಾರ್ ಕೇಳುತ್ತಾ ಎಷ್ಟೋ ಪುಟಗಳ ಮಾತು ಬರೆದಿದ್ದೇನೆ.

ಮಸಿ ಹಾಕುವಾಗ ಮಲ್ಲಿಕಾರ್ಜುನ ಮನ್ಸೂರರು. ಅವರು ಹುಟ್ಟಿದ ಮನ್ಸೂರು ಧಾರವಾಡದ ಮಗ್ಗುಲಲ್ಲೇ ಇದೆ. ಅವರ ಗಾಯನದಲ್ಲಿ ಸುಮ್ನೆ ಕಾಲ ಕಳೆಯುವ ಸ್ವರ ಅಂತ ಇರುವುದಿಲ್ಲ. ಒಂದು ತಾನ ಶುರುವಾದರೆ ಬಾಗಿ, ತಿರುಗಿ, ಎಲ್ಲೂ ಕಡಿಯದೆ ಬಂದು ತಾಳದ ಸಮಕ್ಕೆ ಕೂಡುತ್ತದೆ. ಕುಂಚದ ಗೆರೆಯೂ ಹಾಗೇ ಹೋಗಬೇಕು. ಹೆಗಲಿನಿಂದ ಹೊರಟ ಗೆರೆ ನಡುವೆ ಅಂಜಿ ನಿಂತರೆ ಅಲ್ಲಿ ಮಸಿ ಗಂಟಾಗುತ್ತದೆ. ಗೆರೆ ಎಳೆಯುವುದಕ್ಕೆ ಮುಂಚೆ ಅದು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರಬೇಕು, ಇದನ್ನು ನಾನು ಅವರ ಗಾಯನ ಕೇಳುತ್ತಲೇ ಕಲಿತಿದ್ದು.

ರಾತ್ರಿ ಬೇರೆ. ರಾತ್ರಿ ಗಂಗೂಬಾಯಿ ಹಾನಗಲ್. ಅವರ ಹಳೆಯ 78 ಆರ್‌ಪಿಎಂ ತಟ್ಟೆಗಳ ಧ್ವನಿಮುದ್ರಿಕೆಗಳಲ್ಲಿ ಎಳೆಯ, ತೆಳು ಧ್ವನಿ ಇದೆ. ಮೊದಮೊದಲಿನ ತಟ್ಟೆಗಳ ಮೇಲೆ ಅವರ ಹೆಸರು 'ಗಾಂಧಾರಿ' ಅಂತ ಅಚ್ಚಾಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ಧ್ವನಿ ದಪ್ಪವಾಯಿತು. ಅವರು ಆ ಧ್ವನಿಯಲ್ಲೇ ಕಿರಾಣಾ ಘರಾಣೆಯ ಸಂಗೀತವನ್ನು ಹೊಸದಾಗಿ ಕಟ್ಟಿದರು. ನನಗೆ ಅವರ ಆ ದಪ್ಪ ಧ್ವನಿಯೇ ಇಷ್ಟ. ಅಗಲವಾದ ಕುಂಚದಲ್ಲಿ ರಾತ್ರಿಯ ಆಕಾಶ ತುಂಬಿಸುವಾಗ ಆ ಧ್ವನಿ ಮನೆಯಲ್ಲಿ ಇರಬೇಕು.

ಆ 78 ತಟ್ಟೆಗಳ ಬಗ್ಗೆ ಇನ್ನೊಂದು ಮಾತು. ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಮುಕ್ಕಾಲು ಗಂಟೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಆಲಾಪಕ್ಕೆ ಇಷ್ಟು, ಚೀಜಿಗೆ (ಹಾಡಿನ ಕೃತಿಗೆ) ಇಷ್ಟು, ಎರಡು ತಾನ, ಮುಗಿಯಿತು. ಆದರೂ ಅದರಲ್ಲಿ ರಾಗದ ಮುಖ ಪೂರ್ತಿ ಕಾಣುತ್ತದೆ. ಕಾಮಿಕ್ಸ್ ಬರೆಯುವುದು ಕಲಿಯಬೇಕು ಅನ್ನುವವರಿಗೆ ಈ ತಟ್ಟೆಗಳನ್ನು ಕೇಳಿ ಅಂತ ನಾನು ಹೇಳುವುದು ಇದಕ್ಕೇ. ಯಾವುದನ್ನು ಬಿಡಬೇಕು ಅನ್ನುವುದನ್ನು ಅವು ಕಲಿಸುತ್ತವೆ.

ಸಿನಿಮಾ ಹಾಡು ಕೇಳೋದಿಲ್ವಾ?

ಅಯ್ಯೋ, ಕೇಳದೆ ಇರ್ತೀನಾ! ಬಣ್ಣ ಹಚ್ಚುವ ದಿನ ಬೆಳಿಗ್ಗೆಯಿಂದ ರೇಡಿಯೋ. ರಾಜನ್-ನಾಗೇಂದ್ರ ಬಂದರೆ ಕೆಲಸ ಬೇಗ ಸಾಗುತ್ತದೆ. ಸಿ. ಅಶ್ವಥ್ ಅವರ ಧ್ವನಿಯಲ್ಲಿ ಶರೀಫರ ಪದ ಬಂದರೆ ಕೆಲಸ ನಿಲ್ಲಿಸಿ ಕೇಳುತ್ತೇನೆ.

ಲಾವಣಿಯ ಲಯವನ್ನು ಪುಟದಲ್ಲಿ ತಂದಿದ್ದೀರಿ ಅಂತೀರಿ. ಹೇಗೆ?

ಲಾವಣಿ ಹಾಡುವ ಗೀಗೀ ಪದದ ಮೇಳ ಕೇಳಿದ್ದೀರಾ? ಕೈಯಲ್ಲಿ ಡಪ್ಪು, ಪಕ್ಕದಲ್ಲಿ ತುಂತುಣಿ, ತಾಳ. ಮುಂದಿನವರು ಒಂದು ನುಡಿ ಹೇಳುತ್ತಾರೆ. ಆ ನುಡಿ ಮುಗಿಯುವ ಹೊತ್ತಿಗೆ ಹಿಮ್ಮೇಳದವರು 'ಗೀ ಗೀ' ಅಂತ ಎತ್ತಿಕೊಂಡು ಎಳೆಯುತ್ತಾರೆ. ಆ ಎಳೆತದಲ್ಲಿ ಕೇಳುವವರಿಗೆ ಈಗಷ್ಟೇ ಆದದ್ದನ್ನು ಮನಸ್ಸಿಗೆ ತಂದುಕೊಳ್ಳಲು ಪುರುಸೊತ್ತು ಸಿಗುತ್ತದೆ. ಹಾಡುವವರಿಗೆ ಉಸಿರು ಸಿಗುತ್ತದೆ.

ನನ್ನ ಪುಟದ ಕಟ್ಟು ಇದೇ. ಮೇಲೆ ಮೂರು ಒತ್ತೊತ್ತಾದ ಪ್ಯಾನೆಲ್, ಅವುಗಳಲ್ಲಿ ಮಾತು, ನಡೆ, ಕೆಲಸ. ಕೆಳಗೆ ಪುಟದ ಅಗಲಕ್ಕೂ ಒಂದೇ ಪ್ಯಾನೆಲ್. ಅದರಲ್ಲಿ ಮಾತಿಲ್ಲ. ಹೊಲ, ಬಯಲು, ಮಾಳಿಗೆಯ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ, ಯಾರೋ ನಡೆದು ಹೋಗುವುದು. ಅದು 'ಗೀ ಗೀ' ಜಾಗ. ಓದುಗರಿಗೆ ಇದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕೆಲವು ಪುಟ ಆದಮೇಲೆ ಕಣ್ಣಿಗೆ ರೂಢಿ ಆಗುತ್ತದೆ. ದಂಡು ಊರೊಳಗೆ ನುಗ್ಗುವಲ್ಲಿ ಆ ಅಗಲ ಪ್ಯಾನೆಲನ್ನು ತೆಗೆದುಹಾಕಿದ್ದೇನೆ. ಪುಟದಿಂದ ಪುಟಕ್ಕೆ ಒತ್ತೊತ್ತಾದ ಪ್ಯಾನೆಲ್‌ಗಳೇ. ಓದುತ್ತಾ ಉಸಿರು ಕಟ್ಟಿದ ಹಾಗಾಯಿತು ಅಂತ ಇಬ್ಬರು ಗೆಳತಿಯರು ಹೇಳಿದರು. ಯಾಕೆ ಅಂತ ಅವರಿಗೆ ಗೊತ್ತಾಗಿರಲಿಲ್ಲ.

ಇಷ್ಟಕ್ಕೂ ಈ ಲಾವಣಿ ನಮಗೆ ಬರಹದಲ್ಲಿ ಉಳಿದಿರುವುದರಲ್ಲಿ ಜೆ.ಎಫ್. ಫ್ಲೀಟ್ ಅವರ ಪಾಲು ದೊಡ್ಡದು. ಅವರು ಬ್ರಿಟಿಷ್ ಅಧಿಕಾರಿ. ತಮ್ಮದೇ ಸರ್ಕಾರ ಸುಟ್ಟ ಊರಿನ ಹಾಡನ್ನು ಜನರ ಬಾಯಿಂದ ಕೇಳಿ, ಬರೆದುಕೊಂಡು, ಅಚ್ಚು ಹಾಕಿಸಿದರು. ಈ ಸಂಗತಿಯ ಮುಂದೆ ನಾನು ಆಗಾಗ ನಿಂತುಬಿಡುತ್ತೇನೆ.

ಕಂಪ್ಯೂಟರಿನಲ್ಲಿ ಇಷ್ಟೊಂದು ಕನ್ನಡ ಫಾಂಟ್ ಇರುವಾಗ ಅಕ್ಷರ ಕೈಯಲ್ಲೇ ಯಾಕೆ?

ಪಾತ್ರದ ಮಾತು ಬರೆಯುವ ಬಲೂನಿನ ಒಳಗಿನ ಅಕ್ಷರ ಚಿತ್ರದ್ದೇ ಭಾಗ ಅಂತ ನಾನು ನಂಬಿದ್ದೇನೆ. ಮುಖವನ್ನು ಕೈಯಲ್ಲಿ ಬರೆದು, ಆ ಮುಖದ ಮಾತನ್ನು ಯಂತ್ರದಿಂದ ಹಾಕಿದರೆ ಎರಡೂ ಬೇರೆ ಬೇರೆ ಕೋಣೆಯಲ್ಲಿ ಇದ್ದ ಹಾಗೆ ಕಾಣುತ್ತದೆ.

ಇನ್ನೊಂದು ಕಾರಣ ಕನ್ನಡದ ಅಕ್ಷರದ ಆಕಾರ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ದೊಡ್ಡಕ್ಷರ. ಎಲ್ಲದರ ಎತ್ತರ ಒಂದೇ, ಸಾಲುಗಳನ್ನು ಒತ್ತಾಗಿ ಜೋಡಿಸಬಹುದು. ನಮ್ಮಲ್ಲಿ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತಕ್ಷರ. 'ರಾಷ್ಟ್ರ' ಅಂತ ಬರೆದರೆ ಷ ಅಡಿಯಲ್ಲಿ ಎರಡು ಒತ್ತು ಇಳಿಯುತ್ತವೆ. ಸಾಲಿನ ಮಧ್ಯೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ನಾನು ಪ್ರತಿ ಸಾಲಿಗೂ ನೀಲಿ ಪೆನ್ಸಿಲ್ಲಿನಲ್ಲಿ ಮೂರು ಗೆರೆ ಹಾಕಿಕೊಳ್ಳುತ್ತೇನೆ: ತಲೆಕಟ್ಟಿಗೆ ಒಂದು, ಅಕ್ಷರದ ಪಾದಕ್ಕೆ ಒಂದು, ಒತ್ತಿಗೆ ಒಂದು.

ಅದರ ಮೇಲೆ ನಮ್ಮ ಪದಗಳು ಉದ್ದ. 'ಬರಬೇಕಾಗಿತ್ತಲ್ಲವೇನೋ' ಅನ್ನುವುದು ಒಂದೇ ಪದ. ಇಂಗ್ಲಿಷಿಗೆ ಅಂತ ಬರೆದ ಸಣ್ಣ ದುಂಡನೆಯ ಬಲೂನಿನಲ್ಲಿ ಇದನ್ನು ತುರುಕಿದರೆ ಏನಾಗುತ್ತದೆ ಅಂತ ಅನುವಾದದ ಕಾಮಿಕ್ಸ್ ಓದಿದವರಿಗೆ ಗೊತ್ತು. ಅಕ್ಷರ ಇರುವೆಯಷ್ಟು ಆಗುತ್ತವೆ, ಇಲ್ಲಾ ಪದ ಎಲ್ಲೆಂದರಲ್ಲಿ ತುಂಡಾಗುತ್ತದೆ. ಕೆಲವು ಚಿತ್ರದ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಯ ಆಯ್ಕೆ ಸರಿಯಾಗಿ ಹಾಕದಿದ್ದರೆ ಒತ್ತಕ್ಷರ ಕಳಚಿ ಪಕ್ಕದಲ್ಲಿ ಬಂದು ಕೂರುತ್ತದೆ. ಹಾಗೇ ಅಚ್ಚಾದ ಪುಸ್ತಕ ನೋಡಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಮಗು ಓದುವುದು ಕಲಿಯುವುದೇ ಅಂಥ ಪುಸ್ತಕದಿಂದ ಅಲ್ವಾ?

ಹಾಗಾಗಿ ನನ್ನ ಪುಟದಲ್ಲಿ ಮೊದಲು ಬರುವುದು ಮಾತು. ಖಾಲಿ ಹಾಳೆಯ ಮೇಲೆ ಮಾತನ್ನು ಅದು ಬೇಡುವ ಅಗಲದಲ್ಲಿ ಬರೆದು, ಸುತ್ತ ಬಲೂನು ಎಳೆದು, ಉಳಿದ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸುತ್ತೇನೆ. ಬಲೂನು ಅಡ್ಡಕ್ಕೆ ಅಗಲವಾಗಿ ಇರುತ್ತದೆ. ಮೊದಲು ಮಾತಾಡುವವರು ಎಡಕ್ಕೆ. ಒತ್ತಿ ಹೇಳಬೇಕಾದ ಪದವನ್ನು ದಪ್ಪ ಮಾಡುವ ಚಾಳಿ ನನಗಿಲ್ಲ. ಕನ್ನಡದಲ್ಲಿ 'ನಾನೇ', 'ಬಂದನಲ್ಲ', 'ನೀನೂ' ಅಂತ ಒತ್ತು ಪದದೊಳಗೇ ಬಂದುಬಿಡುತ್ತದೆ. ಮತ್ತೆ ದಪ್ಪ ಮಾಡಿದರೆ ಎರಡು ಸಲ ಕೂಗಿದ ಹಾಗೆ.

ಹೊಡೆದಾಟದ ಶಬ್ದಗಳನ್ನು ಎಲ್ಲಿಂದ ತರುತ್ತೀರಿ?

ಮನೆಯಿಂದಲೇ. ದಬದಬ, ಚಟಪಟ, ಗಡಗಡ, ಜಿಟಿಜಿಟಿ, ಧಡಾರ್, ಪಟಾರ್. ಬೀಸುಕಲ್ಲಿಗೆ ಗರಗರ. ಸುಟ್ಟ ಜೋಳದ ದಂಟಿಗೆ ಚಟಚಟ. ಹೊರಗಿನಿಂದ ಒಂದು ಶಬ್ದವನ್ನೂ ಸಾಲ ತರಬೇಕಾಗಿಲ್ಲ, ಕನ್ನಡದಲ್ಲಿ ಅಷ್ಟು ಇವೆ.

ಯಾವ ನಿಬ್, ಯಾವ ಮಸಿ, ಯಾವ ಕಾಗದ?

ಜಿ ನಿಬ್, ಅದ್ದಿ ಬರೆಯುವುದು. ಒತ್ತಿದರೆ ಗೆರೆ ದಪ್ಪ, ಬಿಟ್ಟರೆ ಸಣ್ಣ. ದೊಡ್ಡ ಕಪ್ಪಿಗೆ ಕುಂಚ. ಮಸಿ ಅಂಗಡಿಯಲ್ಲಿ ಸಿಗುವ ಕಪ್ಪು ಡ್ರಾಯಿಂಗ್ ಇಂಕ್, ನೀರು ತಾಗಿದರೂ ಹರಡದಂಥದ್ದು. ಕಾಗದ ನುಣುಪಾಗಿರಬೇಕು, ಒರಟಾದರೆ ನಿಬ್ ಕಚ್ಚಿಕೊಳ್ಳುತ್ತದೆ. ಧಾರವಾಡದ ಮಳೆಗಾಲದಲ್ಲಿ ಕಾಗದ ತೇವ ಹೀರಿಕೊಂಡು ಮಸಿ ಹಬ್ಬುತ್ತದೆ, ಅದಕ್ಕೆ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿ ಇಡುತ್ತೇನೆ.

ಅಚ್ಚಾಗುವ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯುತ್ತೇನೆ. ಚಿಕ್ಕದಾಗಿಸಿದಾಗ ಗೆರೆ ಬಿಗಿಯಾಗುತ್ತದೆ. 600 ಡಿಪಿಐನಲ್ಲಿ ಸ್ಕ್ಯಾನ್. ನೀಲಿ ಪೆನ್ಸಿಲ್ಲಿನ ಗೆರೆಗಳನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ತೆಗೆದುಹಾಕಬಹುದು, ರಬ್ಬರು ಉಜ್ಜಬೇಕಾಗಿಲ್ಲ. ಕಾವಿ ಬಣ್ಣ ಮಾತ್ರ ಕ್ರಿಟಾದಲ್ಲಿ ಹಾಕುತ್ತೇನೆ. ಅದು ಉಚಿತ ತಂತ್ರಾಂಶ, ಕಲಿಯುವ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ಪುಸ್ತಕ 128 ಪುಟ ಯಾಕೆ ಅಂದರೆ, ಅಚ್ಚಿನ ಮನೆಯಲ್ಲಿ 16 ಪುಟಕ್ಕೆ ಒಂದು ಫಾರ್ಮ್, ಎಂಟು ಫಾರ್ಮ್‌ಗೆ 128. ಕಥೆ ಅದರೊಳಗೆ ಕೂರಬೇಕು.

ಕನ್ನಡದಲ್ಲಿ ಕಾಮಿಕ್ಸ್ ಅನ್ನೋದು ಹೊಸದಲ್ವಾ?

ನಮ್ಮ ಮನೆಗಳಲ್ಲಿ ಅದು ಮೊದಲಿಂದ ಇದೆ. ಚಂದಮಾಮ ಕನ್ನಡದಲ್ಲಿ 1949ರಿಂದ ಬಂತು. ಅದರಲ್ಲಿ ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ನಮ್ಮವರೇ. ರಾಶಿಯವರು 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ ಕೊರವಂಜಿಯಲ್ಲಿ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಬರೆಯುತ್ತಿದ್ದರು. ಅಮರ ಚಿತ್ರ ಕಥೆಯ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಆ ಹೆಸರಿನ ಮೊದಲ ಕಾಮಿಕ್ಸ್ 1965ರಲ್ಲಿ ಕನ್ನಡದಲ್ಲೇ ಬಂದವು, ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಇದನ್ನು ಕೇಳಿದವರು ಕಡಿಮೆ. ಎಲ್ಲ ಕನ್ನಡ ಶಾಲೆಗಳಲ್ಲೂ ಹೇಳಬೇಕಾದ ಸಂಗತಿ. ಆಮೇಲೆ ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ. ನನ್ನ ವಾರಿಗೆಯವರಿಗೆ ಡಿಂಗನ ಹೆಸರು ಹೇಳಿ ನೋಡಿ, ಮುಖ ಅರಳುತ್ತದೆ.

ಇನ್ನೂ ಹಿಂದೆ ಹೋದರೆ ಹಂಪಿಯ ಹಜಾರರಾಮ ಗುಡಿಯ ಗೋಡೆ ಇದೆ. ರಾಮಾಯಣ ಸಾಲುಸಾಲಾಗಿ ನಡೆಯುತ್ತದೆ, ನೀವು ಸುತ್ತು ಹಾಕುತ್ತಾ ಓದಬೇಕು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ಎಂಟನೆಯ ಶತಮಾನದಲ್ಲೇ ಪಟ್ಟಿಪಟ್ಟಿಯಾಗಿ ಕಥೆ ಕೆತ್ತಿದ್ದಾರೆ. ಅಲ್ಲಿಗೆ ಹೋದರೆ ಒಂದು ಕಂಬದ ಮುಂದೆ ನಿಂತು ಪೂರ್ತಿ ಓದಿ, ಫೋಟೋ ಆಮೇಲೆ ತೆಗೆಯಿರಿ.

ಕಾಮಿಕ್ಸ್ ಮಕ್ಕಳಿಗಲ್ವಾ?

ಮಕ್ಕಳಿಗೂ ಹೌದು.

ನಿಮ್ಮ ದಿನ ಹೇಗಿರುತ್ತದೆ?

ಬೆಳಿಗ್ಗೆ ಸಾಧನಕೇರಿ ಕಡೆ ನಡೆದು ಬರುತ್ತೇನೆ. ಬಂದು ಚಹಾ, ಆಮೇಲೆ ಊಟದ ತನಕ ಮಸಿ. ಬೆಳಕು ಚೆನ್ನಾಗಿದ್ದಾಗ ಗೆರೆ, ಬೆಳಕು ಇಳಿದ ಮೇಲೆ ತುಂಬುವ ಕೆಲಸ. ಸಂಜೆ ಚೀಲದಲ್ಲಿ ಸಣ್ಣ ಪುಸ್ತಕ ಇಟ್ಟುಕೊಂಡು ಮಾರುಕಟ್ಟೆಗೆ ಹೋಗುತ್ತೇನೆ. ಕಾಯಿಪಲ್ಲೆ ತೂಗುವ ಕೈ, ದುಡ್ಡು ಎಣಿಸುವ ಕೈ, ಗಿರಮಿಟ್ ಕಲಸುವ ಕೈ. ಮುಖ ಬರೆಯುವುದಕ್ಕಿಂತ ಕೈ ಬರೆಯುವುದು ನನಗೆ ಜಾಸ್ತಿ ಇಷ್ಟ. ಮಾರುವ ಹೆಂಗಸರು ಈಗ ಪರಿಚಯ. 'ಬರ್ರಿ ಅಕ್ಕಾರ, ಇವತ್ತ ನನ್ನ ಬಳಿ ಬರಕೊಳ್ರಿ' ಅಂತ ಕೈ ಮುಂದೆ ಚಾಚುತ್ತಾರೆ. ಅಜ್ಜಿಯ ಕೈಗಳೆಲ್ಲ ಆ ಮಾರುಕಟ್ಟೆಯಿಂದ ಬಂದವು.

ಎಐ ಬಳಸುತ್ತೀರಾ?

ಇಲ್ಲ. ಹಳೆಯ ಬೀಸುಕಲ್ಲೊಂದನ್ನು ನಾನೇ ಕೂತು ತಿರುವಿದ್ದೇನೆ. ಗೂಟ ಹಿಡಿದಾಗ ಹೆಗಲು ಎಷ್ಟು ಮುಂದೆ ಬಾಗುತ್ತದೆ, ಕಾಲನ್ನು ಹೇಗೆ ಮಡಚಬೇಕು, ಹಿಟ್ಟು ಯಾವ ಕಡೆ ಜಾಸ್ತಿ ಬೀಳುತ್ತದೆ ಅಂತ ನೋಡಿ ಬರೆದಿದ್ದೇನೆ. ಹಲಗಲಿಯ ಜನರ ಮೇಲೆ ಪುಸ್ತಕ ಮಾಡುವಾಗ ಪ್ರತಿ ಗೆರೆಗೂ ನಾನು ಜವಾಬು ಹೇಳಬೇಕು. ಈ ಗೂಟ ಇಲ್ಲಿ ಯಾಕಿದೆ ಅಂತ ಅಲ್ಲಿಯ ಅಜ್ಜಿಯೊಬ್ಬರು ಕೇಳಿದರೆ ಉತ್ತರ ನನ್ನ ಹತ್ತಿರ ಇರಬೇಕು.

ಇದರಿಂದ ಹೊಟ್ಟೆ ತುಂಬುತ್ತದಾ?

ಕಾಮಿಕ್ಸ್ ಒಂದರಿಂದಲೇ ಇನ್ನೂ ಕಷ್ಟ. ಮಕ್ಕಳ ಪುಸ್ತಕಗಳಿಗೆ ಚಿತ್ರ, ಪತ್ರಿಕೆಗಳಿಗೆ ಚಿತ್ರ, ಮುಖಪುಟ, ಕಾರ್ಯಾಗಾರ, ಇವೆಲ್ಲ ಸೇರಿ ಮನೆ ನಡೆಯುತ್ತದೆ. ಕೆಲಸ ಒಪ್ಪಿಕೊಳ್ಳುವಾಗ ಮೂರು ವಿಷಯ ಬರಹದಲ್ಲಿ ತೆಗೆದುಕೊಳ್ಳಿ ಅಂತ ಹೊಸಬರಿಗೆ ಹೇಳುತ್ತೇನೆ: ಎಷ್ಟು ದುಡ್ಡು, ಯಾವಾಗ ಕೊಡುತ್ತಾರೆ, ಮೂಲಚಿತ್ರ ಯಾರಿಗೆ ಸೇರಿದ್ದು. ಹಕ್ಕುಸ್ವಾಮ್ಯ ಪೂರ್ತಿ ಬರೆದುಕೊಡಿ ಅಂದರೆ ಸಹಿ ಮಾಡುವ ಮುಂಚೆ ತಿಳಿದವರಿಗೆ ತೋರಿಸಿ.

ನಮ್ಮ ಮಗಳು ಇಡೀ ದಿನ ಚಿತ್ರ ಬರೀತಾಳೆ. ಏನು ಓದಿಸಬೇಕು?

ಮೊದಲು, ಬೈಯಬೇಡಿ. ಓದಿಸುವುದಕ್ಕೆ ನಮ್ಮಲ್ಲಿ ಒಳ್ಳೆಯ ಜಾಗಗಳಿವೆ: ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಎಲ್ಲರೂ ಕಾವಾ ಅನ್ನುತ್ತಾರೆ), ಇಲ್ಲಿ ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರು ಕಟ್ಟಿದ ಕಲಾಶಾಲೆ. ಕಾಮಿಕ್ಸ್‌ಗೇ ಅಂತ ಪದವಿ ಬೇಕಾಗಿಲ್ಲ. ಮನುಷ್ಯನ ಮೈ, ಬೆಳಕು, ದೂರ-ಹತ್ತಿರ ಇವು ಗಟ್ಟಿಯಾದರೆ ಉಳಿದದ್ದು ಪುಟ ಮಾಡುತ್ತಾ ಬರುತ್ತದೆ. ಬೆಂಗಳೂರಿಗೆ ಹೋದಾಗ ಟ್ರಿನಿಟಿ ವೃತ್ತದ ಹತ್ತಿರ ಇರುವ ವ್ಯಂಗ್ಯಚಿತ್ರ ಗ್ಯಾಲರಿಗೆ ಕರೆದುಕೊಂಡು ಹೋಗಿ. ಅಚ್ಚಾದ ಚಿತ್ರ ನೋಡುವುದೇ ಬೇರೆ, ಮೂಲಚಿತ್ರವನ್ನು ಹತ್ತಿರದಿಂದ ನೋಡುವುದೇ ಬೇರೆ. ಅಲ್ಲಿ ಕೈಯ ಒತ್ತಡ ಕಾಣುತ್ತದೆ.

ಅವಳಿಗೆ ಕಥೆ ಹೇಳುವ ಅಭ್ಯಾಸವೂ ಇದೆಯಾ ನೋಡಿ. ರಾತ್ರಿ ಊಟದ ಹೊತ್ತಿಗೆ ಇವತ್ತು ಏನಾಯ್ತು ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಚಿತ್ರ ಚೆನ್ನಾಗಿ ಬರೆಯುವ ಮಕ್ಕಳು ತುಂಬ ಇದ್ದಾರೆ. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವ ಮಕ್ಕಳು ಕಡಿಮೆ.

ಮೂಲಚಿತ್ರ ಮಾರುತ್ತೀರಾ?

ಹಳೆಯ ಕೆಲಸದ್ದು ಮಾರುತ್ತೇನೆ. ಹಲಗಲಿ ಪುಟಗಳು ಮಾರಾಟಕ್ಕಿಲ್ಲ. ಅವು ಆ ಕಡೆಯ ಯಾವುದಾದರೂ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಒಟ್ಟಿಗೆ ಇರಬೇಕು ಅಂತ ನನ್ನ ಆಸೆ.

ನಮ್ಮ ಶಾಲೆಗೆ ಬರ್ತೀರಾ?

ಬರುತ್ತೇನೆ. ಕನ್ನಡ ಶಾಲೆಯಾದರೆ ಹೋಗಿಬರುವ ಖರ್ಚು ಕೊಟ್ಟರೆ ಸಾಕು. ಪ್ರೊಜೆಕ್ಟರ್ ಬೇಡ, ಕರಿಹಲಗೆ ಇದ್ದರೆ ಆಯಿತು. ಒಂದು ಮಗುವಿಗೆ ಒಂದು ಎ4 ಹಾಳೆ, ಒಂದು ಪೆನ್ನು ಇಟ್ಟಿರಿ. ಕತ್ತರಿ ಇಡೀ ತರಗತಿಗೆ ಎರಡು ಇದ್ದರೂ ನಡೆಯುತ್ತದೆ. ಹಾಳೆಯನ್ನು ಎಂಟು ಭಾಗ ಮಡಚಿ, ಮಧ್ಯದಲ್ಲಿ ಒಂದೇ ಕಡೆ ಕತ್ತರಿಸಿದರೆ ಎಂಟು ಪುಟದ ಪುಸ್ತಕ ಆಗುತ್ತದೆ. ಹೊಲಿಗೆ ಬೇಡ, ಅಂಟು ಬೇಡ. ಅದರಲ್ಲಿ ಮಕ್ಕಳು ತಮ್ಮ ಮನೆಯ ಒಂದು ಮಾತನ್ನು ಬರೆಯುತ್ತಾರೆ. ಮನೆಯಲ್ಲಿ ಹೇಗೆ ಆಡುತ್ತಾರೋ ಹಾಗೇ, ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬಾರದು ಅಂತ ಶಿಕ್ಷಕರಿಗೆ ಮೊದಲೇ ಹೇಳಿರುತ್ತೇನೆ. ಐದನೇ ತರಗತಿಗಿಂತ ಮೇಲಿನವರಾದರೆ ಒಳ್ಳೆಯದು. ಪರೀಕ್ಷೆಯ ತಿಂಗಳು ಬಿಟ್ಟು ಉಳಿದ ಯಾವಾಗ ಕರೆದರೂ ಸರಿ.